ಒಂದು ಕೊಯ್ತಾ ಅಂದ್ರೆ ಎರಡು ಜೀವ

ಮುಧೋಳದ ಹತ್ತಿರ ನಮ್ಮ ಹೊಲಕ್ಕೆ ಅಂತೂ ಕಬ್ಬು ಕಡಿಯುವ ಗ್ಯಾಂಗ್ ಬಂತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯವರು. ಇಪ್ಪತ್ತು ದಿನ ಗ್ಯಾಂಗ್ ಕರೆತರುವ ಮೇಸ್ತ್ರಿ, ಅಂದ್ರೆ ಮುಕಾದಮನ ಹಿಂದೆ ತಿರುಗಿ, ಎಕರೆಗೆ ಇಷ್ಟು ಅಂತ ಮೇಲಿನ ದುಡ್ಡು ಕೊಟ್ಟ ಮೇಲೆ. ಗ್ಯಾಂಗಿನವರು ಸೊಕ್ಕಿನವರು ಅಂತ ನಾನೂ ಬೈದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ರಾತ್ರಿ ಹನ್ನೊಂದಕ್ಕೆ ಟ್ರೇಲರ್ ತುಂಬುತ್ತಿದ್ದರು. ಟ್ರ್ಯಾಕ್ಟರ್ ದೀಪದ ಬೆಳಕಲ್ಲಿ ಒಬ್ಬ ಹುಡುಗಿ ತಲೆ ಮೇಲೆ ಹೊರೆ ಹೊತ್ತು ಹಲಗೆ ಹತ್ತುತ್ತಿದ್ದಳು. ಚಪ್ಪಲಿ ಕೆಳಗೇ ಬಿಟ್ಟಿದ್ದಳು. ಹಲಗೆ ಅಲ್ಲಾಡಿದಾಗಲೆಲ್ಲ ಕಾಲ್ಬೆರಳು ಮಡಚಿ ಹಿಡಿಯುತ್ತಿದ್ದಳು. ಅವಳ ಕೂಸು ರವದಿ, ಅಂದರೆ ಕಬ್ಬಿನ ಒಣ ಎಲೆ ಮೇಲೆ ಹಾಸಿದ ಸೀರೆಯಲ್ಲಿ ಮಲಗಿತ್ತು. ಬೆಳಗ್ಗೆ ಮನೆಗೆ ಬಂದು ಅವ್ವನಿಗೆ, "ಕಾಕು, ಥೋಡ ಬಿಸಿನೀರು ಕೊಡ್ರಿ" ಅಂದಳು.

ಗ್ಯಾಂಗಿನ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ, ಅಷ್ಟೇ. ಅಡ್ವಾನ್ಸ್ ಜೋಡಿಗೆ, ದುಡ್ಡು ಗಂಡನ ಕೈಗೆ. ಸೀಸನ್ ಮುಗಿದರೂ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಒಂದು ದಿನ ಮಲಗಿದರೆ ದಂಡ, ಮುಟ್ಟಿನ ನೋವಿದ್ದರೂ ಅಷ್ಟೇ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್‌ನಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಗ ಪೇಪರ್ ಓದಿ ಪಾಪ ಅಂದು ಚಹಾ ಕುಡಿದಿದ್ದೆ. ಅವರೇ ನಮ್ಮ ಹೊಲಕ್ಕೆ ಬರುವವರು ಅಂತ ತಲೆಗೆ ಹೋಗಿರಲಿಲ್ಲ.

ತೋಟದ ಕಾರ್ಮಿಕರಿಗೆ ಅಂತ 1951ರಲ್ಲೇ ಕಾನೂನು ಬಂತು. ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟದವರಿಗೆ ಮನೆ, ನೀರು, ಶೌಚಾಲಯ, ಕೂಸುಗಳಿಗೆ ಜಾಗ. ಕಬ್ಬು ಆ ಪಟ್ಟಿಯಲ್ಲಿ ಇಲ್ಲ. ಕೊಡಗಿನ ತೋಟದಾಳುಗಳ ಲೈನ್‌ಮನೆ ಏನು ಅರಮನೆ ಅಲ್ಲ, ಆದರೂ ಗೋಡೆ ಇದೆ ಅಲ್ವಾ? ನಮ್ಮ ಹೊಲದ ಬದಿಗೆ ತಾಡಪತ್ರಿ. ಕೇಳಿದರೆ ಕಾರ್ಖಾನೆಯವರು ಮುಕಾದಮನ ಆಳು ಅನ್ನುತ್ತಾರೆ, ನಾವು ರೈತರು ಕಾರ್ಖಾನೆಯ ಗ್ಯಾಂಗ್ ಅನ್ನುತ್ತೇವೆ.

2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರ ಧರಣಿಗೆ ನಾನೂ ಕೂತಿದ್ದೆ. ನಮ್ಮ ಬೇಡಿಕೆ ನ್ಯಾಯದ್ದೇ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಕಡಿಯುವವರ ಕೂಲಿ ಬಗ್ಗೆ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಮುಂದಿನ ಸಲ ರೈತ ಸಂಘಟನೆಗಳು ಕಾರ್ಖಾನೆ ಮುಂದೆ ಕೂತಾಗ ಗ್ಯಾಂಗಿನ ನೀರು, ಶೌಚಾಲಯ, ಲೆಕ್ಕದ ಚೀಟಿ ಇವನ್ನೂ ಸೇರಿಸಿ ಕೇಳಲಿ. ನಾವು ಕೇಳಿದರೆ ಕಿವಿ ಕೊಡುತ್ತಾರೆ, ಅವರು ಕೇಳಿದರೆ ಊರು ಬಿಡಿಸುತ್ತಾರೆ.

ಗ್ಯಾಂಗ್ ಹೊರಡುವ ದಿನ ಆ ಹುಡುಗಿಯನ್ನು ಕೇಳಿದೆ, ನಾವು ಕೊಟ್ಟ ಮೇಲಿನ ದುಡ್ಡಲ್ಲಿ ನಿಮಗೆಷ್ಟು ಬಂತು ಅಂತ. ಗಂಡನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕಸಲೆ ಪೈಸೆ?" ಅಂದಳು. ಯಾವ ದುಡ್ಡು?