ಕಿಯಾನ್ ಅಂತೆ, ಕಿಯಾನ್!

ನಿನ್ನೆ ಮಂಡ್ಯದಲ್ಲಿ ನನ್ನ ತಂಗಿಯ ಮೊಮ್ಮಗನ ನಾಮಕರಣ. ತೊಟ್ಟಿಲು, ಹೂವು, ಒಬ್ಬಟ್ಟಿನ ಊಟ ಎಲ್ಲ ಚೆನ್ನಾಗಿತ್ತು. ಆಮೇಲೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ಕಿಯಾನ್.

ನಮ್ಮವ್ವ ಪಕ್ಕದಲ್ಲೇ ಕೂತಿದ್ದಳು. "ಏನಂದ್ರು? ಕ್ಯಾನಾ?" ಅಂದಳು. ಡೇರಿಗೆ ಹಾಲು ಹಾಕಿ ನಮ್ಮನ್ನು ಸಾಕಿದವಳು, ಅವಳಿಗೆ ಗೊತ್ತಿರುವ ಕ್ಯಾನು ಅದೊಂದೇ. ಇವತ್ತು ಬೆಳಿಗ್ಗೆ ಎದ್ದವಳೇ "ಕ್ಯಾನು ಮಲಗ್ತಾ?" ಅಂತ ಕೇಳಿದಳು. ನೀವು ನಗಬಹುದು. ನನಗೆ ಮೈ ಉರಿಯಿತು. ಮುತ್ತಜ್ಜಿಯ ಬಾಯಿಗೆ ಬರದ ಹೆಸರು ಯಾವ ಸೀಮೆ ಹೆಸರು?

"ಮೃಗಶಿರಾ ನಕ್ಷತ್ರದ ನಾಲ್ಕನೇ ಪಾದ ಮಾವ, ಹೆಸರಿನ ಮೊದಲಕ್ಷರ 'ಕಿ' ಬರಬೇಕು" ಅಂದ ತಂಗಿಯ ಮಗ. ಸರಿ, ಕಿಟ್ಟಪ್ಪ ಅಂತ ಇಡು ಅಂದೆ. ಅವನ ಹೆಂಡತಿ ನಕ್ಕಳು. ತಮಾಷೆ ಅಂದುಕೊಂಡಳು, ಪಾಪ. ಕನ್ನಂಬಾಡಿ ಕಟ್ಟಿಸಿದ ದೊರೆಯೂ ಕೃಷ್ಣನೇ ಕಣಮ್ಮ, ನಮ್ಮ ಕಡೆ ಕೃಷ್ಣ ಕಿಟ್ಟ ಆಗುತ್ತಾನೆ ಅಷ್ಟೆ. ಮಗು ಇನ್ನೊಂದು ದಿನ ತಡೆದು ಹುಟ್ಟಿದ್ದರೆ ಆರ್ದ್ರಾ ಬರುತ್ತಿತ್ತು. ಅದರ ಮೂರನೇ ಪಾದಕ್ಕೆ 'ಙ'. ಆಗೇನು ಇಡುತ್ತಿದ್ದರೋ! ಜಾತಕಕ್ಕೊಂದು ಹೆಸರು, ಕರೆಯೋಕೊಂದು ಹೆಸರು ಅಂತ ಹಿಂದಿನವರು ಸುಮ್ನೆ ಮಾಡಿದ್ದಾ?

ನಮ್ಮ ಸುತ್ತ ಹೆಸರಿಗೇನು ಬರ? ನಂಜನಗೂಡಿನ ನಂಜುಂಡ, ಮೇಲುಕೋಟೆಯ ಚೆಲುವರಾಯ, ಶ್ರೀರಂಗಪಟ್ಟಣದ ರಂಗಸ್ವಾಮಿ, ಬೆಟ್ಟದ ಮಾದೇಶ. ಡಾ. ರಾಜ್‌ಕುಮಾರ್‌ಗೆ ಮನೆಯವರು ಇಟ್ಟ ಮುತ್ತುರಾಜ ಅನ್ನುವ ಹೆಸರು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿರಾಯನದು. ಹೆಸರಿಗೆ ಒಂದು ಊರಿತ್ತು, ಒಂದು ಹರಕೆ ಇತ್ತು. ಕಿಯಾನ್‌ಗೆ ಯಾವ ಊರು?

ಹಳೇ ಹೆಸರಿಟ್ಟರೆ ಸ್ಕೂಲಲ್ಲಿ ಆಡಿಕೊಳ್ತಾರಂತೆ. ನನ್ನದೂ ಹಳೇ ಕಾಲದ ಹೆಸರೇ. ಮೈಸೂರಿನ ಹಾಸ್ಟೆಲ್‌ನಲ್ಲಿ ಆಡಿಕೊಂಡವರೇ ಈಗ ಇಲ್ಲಿ ಲೈಕ್ ಒತ್ತುತ್ತಿದ್ದಾರೆ. ಹಳೇ ಹೆಸರಲ್ಲಿ ಜಾತಿ ಕಾಣುತ್ತೆ ಅಂದರೆ, ಅದು ನ್ಯಾಯದ ಮಾತು. ಬಾಲದ ಗೌಡ ಬಿಡಿ, ಬರೀ ನಂಜುಂಡ ಇಡಿ. "ಯಾರೂ ಇಟ್ಟಿರಬಾರದು ಮಾವ, ಯುನೀಕ್ ಆಗಿರಬೇಕು" ಅನ್ನೋದು ಮಾತ್ರ ಶುದ್ಧ ಬೊಗಳೆ. ಅದೇ ಬೀದಿಯಲ್ಲಿ ವಿಯಾನ್ ಇದ್ದಾನೆ, ರಿಯಾನ್ ಇದ್ದಾನೆ. ಸಂಜೆ ಒಬ್ಬನನ್ನು ಕೂಗಿದರೆ ಮೂವರೂ ಓಡಿ ಬರುತ್ತಾರೆ. ನಂಜುಂಡ ಅಂತ ಇಟ್ಟಿದ್ದರೆ ಇಡೀ ಕ್ಲಾಸಿಗೆ ಇವನೊಬ್ಬನೇ ಇರುತ್ತಿದ್ದ!

ನಿಜ ಹೇಳಲಾ? ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ತಾತನ ಹೆಸರು ಮಕ್ಕಳಿಗೆ ಇಡುತ್ತಿದ್ದರು. ಮಾವನ ಹೆಸರು ಹಿಡಿದು ಬೈಯೋದು ಹೇಗೆ ಅಂತ ಸೊಸೆಯಂದಿರು ಮಗುವನ್ನು ಅಪ್ಪಾಜಿ, ಅಣ್ಣಯ್ಯ ಅಂತ ಕರೆಯುತ್ತಿದ್ದರು. ನಮ್ಮಪ್ಪನ ಹೆಸರು ಅವರು ಹೋದ ಮೇಲೆ ಮನೆಯಲ್ಲಿ ಯಾರಿಗೂ ಬಂದಿಲ್ಲ. ಇವನಿಗೆ ಬರುತ್ತೆ ಅಂತ ಆಸೆ ಇತ್ತು. ಅದಕ್ಕೂ 'ಕಿ' ಇಲ್ಲವಂತೆ.

ಒಂದು ಸಮಾಧಾನ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರಿಗೆ ಆ ಅವಸರವಿಲ್ಲ. ವರ್ಷದೊಳಗೆ ಪುಕ್ಕಟೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ. ಇವರ ಸರ್ಟಿಫಿಕೇಟಿನಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ಅಳಿಯ ಎತ್ತುತ್ತಿಲ್ಲ.