ದಂತದ ಬಾಲಯೇಸುವಿನ ಮುಂದಿನ ಮೂರು ಮಾತಿನ ಚೀಟಿ

ಗೋವಾದಲ್ಲಿ ಕೆತ್ತಿದ ದಂತದ 'ಒಳ್ಳೇ ಕುರುಬ', ಅಂದರೆ ಕುರಿ ಕಾಯುವವನ ರೂಪದ ಯೇಸು, ಇವತ್ತು ಲಂಡನ್, ಲಿಸ್ಬನ್, ಬಾಲ್ಟಿಮೋರ್‌ನ ಮ್ಯೂಸಿಯಂಗಳಲ್ಲಿ ಕೂತಿದ್ದಾನೆ. ಬಾಲಯೇಸು ಗುಡ್ಡದ ತುದಿಯಲ್ಲಿ ಕೆನ್ನೆಗೆ ಕೈಕೊಟ್ಟು ಕಣ್ಣು ಮುಚ್ಚಿದ್ದಾನೆ, ಹೆಗಲ ಮೇಲೊಂದು ಕುರಿ, ತೊಡೆಯ ಮೇಲೊಂದು. ಕೆಳಗೆ ಕಾರಂಜಿ, ನೀರು ಕುಡಿಯುವ ಹಕ್ಕಿಗಳು. ತೀರಾ ಬುಡದ ಗವಿಯಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಪುಸ್ತಕ ಹಿಡಿದು ಒರಗಿದ್ದಾಳೆ. ಪಕ್ಕದ ಚೀಟಿಯಲ್ಲಿ ಹೆಚ್ಚಾಗಿ ಇರುವುದು ಇಷ್ಟೇ: 'ಇಂಡೋ-ಪೋರ್ಚುಗೀಸ್, 17ನೇ ಶತಮಾನ, ದಂತ'.

ನನ್ನ ತಕರಾರು ಈ ಚೀಟಿಯ ಮೇಲೆ.

ಯಾರ ದಂತ? ಬಹುಪಾಲು ಆಫ್ರಿಕದ ಆನೆಯದ್ದು. ಮೊಜಾಂಬಿಕ್ ಕರಾವಳಿಯಿಂದ ಪೋರ್ಚುಗೀಸ್ ಹಡಗುಗಳಲ್ಲಿ ಗೋವಾಕ್ಕೆ ಬರುತ್ತಿತ್ತು. ಗುಲಾಮರನ್ನೂ ಅದೇ ಕರಾವಳಿಯಿಂದ ತರುತ್ತಿದ್ದರು. ಚೀಟಿಯಲ್ಲಿ ಇಂಡಿಯಾ ಇರುತ್ತದೆ, ಪೋರ್ಚುಗಲ್ ಇರುತ್ತದೆ, ಆಫ್ರಿಕ ಮಾತ್ರ ಮಾಯ.

ಕೆತ್ತಿದವರು ಯಾರು? ಹೆಸರಿಲ್ಲ. ಆದರೆ ಸುಳಿವಿದೆ. 1567ರಲ್ಲಿ ಗೋವಾದ ಚರ್ಚಿನ ಪ್ರಾಂತೀಯ ಸಭೆ, ಪೂಜೆಯ ವಸ್ತುಗಳನ್ನು ಹಿಂದೂ ಕುಶಲಕರ್ಮಿಗಳಿಂದ ಮಾಡಿಸಕೂಡದು ಎಂದು ಕಟ್ಟಪ್ಪಣೆ ಮಾಡಿತು. ಮಾಡಿಸುತ್ತಿದ್ದರು ಅಂತಲೇ ತಾನೇ ಬೇಡ ಅಂದದ್ದು! ನಮ್ಮ ಸಾಗರ, ಸೊರಬದ ಗುಡಿಗಾರರ ಹಿರಿಯರು ಪೋರ್ಚುಗೀಸರ ಮತಾಂತರದ ಕಾಟ ತಾಳದೆ ಗೋವಾ ಬಿಟ್ಟು ಬಂದವರು ಎಂಬ ಪ್ರತೀತಿ ಉಂಟು. ಗಂಧ, ದಂತ ಎರಡರಲ್ಲೂ ಪಳಗಿದ ಕೈಗಳು. ಹಾಗಾಗಿ ಈ ಮೂರ್ತಿಗಳನ್ನು 'ಎರಡು ಸಂಸ್ಕೃತಿಗಳ ಸುಂದರ ಸಂಗಮ' ಎಂದು ಬಣ್ಣಿಸಿದಾಗ ನನಗೆ ಸಿಟ್ಟು ಬರುತ್ತದೆ. 1560ರಿಂದ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರೆಂದು ಜನರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ನಡೆಯುತ್ತಿದ್ದ ಊರು ಅದು.

ಇನ್ನು ಬುದ್ಧನ ಕಥೆ. ಮುಚ್ಚಿದ ಕಣ್ಣು, ಶಾಂತ ಮುಖ ಕಂಡ ಕೂಡಲೇ 'ಇದು ಬುದ್ಧನ ಪ್ರಭಾವ' ಅನ್ನುವವರು ಬಹಳ. ಸಿಂಹಳದ ದಂತಶಿಲ್ಪಿಗಳೂ ಪೋರ್ಚುಗೀಸರಿಗೆ ಕೆಲಸ ಮಾಡಿಕೊಟ್ಟಿದ್ದರು, ಆದ್ದರಿಂದ ಮಾತು ಪೂರ್ತಿ ಪೊಳ್ಳಲ್ಲ. ಆದರೆ ನಿದ್ದೆಹೋದ ಬಾಲಯೇಸುವಿನ ಚಿತ್ರಗಳು ಯುರೋಪಿನಲ್ಲೂ ಇದ್ದವು. ಆಂಟ್‌ವೆರ್ಪ್‌ನಲ್ಲಿ ಅಚ್ಚಾದ ಭಕ್ತಿಚಿತ್ರಗಳನ್ನು ಜೆಸ್ಯೂಟ್ ಪಾದ್ರಿಗಳು ಏಷ್ಯಾದ ತುಂಬ ಹಂಚುತ್ತಿದ್ದರು. ಎರಡನ್ನೂ ಚೀಟಿಯಲ್ಲಿ ಬರೆಯಲಿ, ನೋಡುವವರೇನು ದಡ್ಡರಲ್ಲ.

ದಂತದ ಬಿಳುಪೂ ಪೂರ್ತಿ ನಿಜವಲ್ಲ. ಹಲವು ಮೂರ್ತಿಗಳ ಸೆರಗಿನಂಚಲ್ಲಿ, ಕೂದಲಲ್ಲಿ ಬಣ್ಣ ಮತ್ತು ಚಿನ್ನದ ಲೇಪ ಇನ್ನೂ ಅಂಟಿಕೊಂಡಿದೆ. ಗಾಜಿನೊಳಗಿನ ತಣ್ಣನೆಯ ಬಿಳಿ ಕಲಾಕೃತಿ ಒಂದು ಕಾಲಕ್ಕೆ ದೀಪದೆದುರು ಹೊಳೆಯುತ್ತಿದ್ದ ದೇವರು.

ಹಳೇ ಗೋವಾಕ್ಕೆ ಹೋದವರು ಬಾಮ್ ಜೀಸಸ್ ಚರ್ಚ್ ಮುಗಿಸಿ ಬಸ್ ಹತ್ತಬೇಡಿ. ಹತ್ತಿರದ ಸಾಂತಾ ಮೋನಿಕಾ ಕಾನ್ವೆಂಟಿನಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. ದಂತದ ಮೂರ್ತಿ ಕಂಡರೆ ಬದಿಯಿಂದ ನೋಡಿ: ಮೈ ಒಂದು ಕಡೆ ಬಾಗಿದ್ದರೆ ಅದು ಭಾವಭಂಗಿಯೇ ಇರಬೇಕೆಂದಿಲ್ಲ, ಆನೆಯ ಕೊಂಬಿನ ಬಾಗೂ ಇರಬಹುದು. ಶಿಲುಬೆಯ ಯೇಸುವಿನ ತೋಳುಗಳಿಗೆ ಅಷ್ಟು ಅಗಲದ ದಂತ ಸಿಗದೆ, ಅವನ್ನು ಬೇರೆಯಾಗಿ ಕೆತ್ತಿ ಭುಜಕ್ಕೆ ಕೂಡಿಸುತ್ತಿದ್ದರು. ಆ ಬೆಸುಗೆಯ ಗೆರೆ ಹುಡುಕಿ.