ಬ್ಲ್ಯಾಂಕ್ ಇಲ್ಲದ ವರದಿಗೆ ಹಣ ಕೊಡಬೇಡಿ

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಅಕ್ಕನ ಮಗ ಕಳೆದ ವಾರ ಮನೆಗೆ ಬಂದವನು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಬೆರಳ ತುದಿಯಿಂದ ತೆಗೆದ ನಾಲ್ಕು ಹನಿ ರಕ್ತವನ್ನು ಕಳುಹಿಸಿದರೆ ದೇಹದಲ್ಲಿ ಎಷ್ಟು ಮೈಕ್ರೋಪ್ಲಾಸ್ಟಿಕ್ ಇದೆಯೆಂದು ಲೆಕ್ಕ ಹಾಕಿ ಕೊಡುತ್ತಾರಂತೆ. ಅವನ ಹೆಂಡತಿಗೆ ಈಗ ಐದನೆಯ ತಿಂಗಳು. "ಮಾವ, ಮಾಸಿನಲ್ಲೂ ಪ್ಲಾಸ್ಟಿಕ್ ಸಿಕ್ಕಿದೆಯಂತೆ. ಇವಳಿಗೆ ಈ ಪರೀಕ್ಷೆ ಮಾಡಿಸಿಬಿಡೋಣವಾ?" ಎಂದು ಕೇಳುವಾಗ ಅವನ ಮುಖದಲ್ಲಿದ್ದ ಭಯ ಕಂಡು, ಬೇಡ ಎಂದಷ್ಟೇ ಹೇಳಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ. ಬೇಡ ಎಂಬುದೇ ನನ್ನ ಅಭಿಪ್ರಾಯ. ಕಾರಣವನ್ನು ಅವನಂತೆಯೇ ಆತಂಕಪಡುತ್ತಿರುವ ಉಳಿದವರಿಗೂ ತಿಳಿಸಬೇಕೆನಿಸಿತು.

ಅವನು ಓದಿದ್ದು ಸುಳ್ಳಲ್ಲ. 5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಇಟಲಿಯ ಸಂಶೋಧಕರು 6 ತಾಯಂದಿರ ಮಾಸನ್ನು ಪರೀಕ್ಷಿಸಿ, ಅವುಗಳಲ್ಲಿ 4ರಲ್ಲಿ ಒಟ್ಟು 12 ಚೂರುಗಳನ್ನು ಕಂಡದ್ದಾಗಿ 2021ರಲ್ಲಿ ಪ್ರಕಟಿಸಿದರು. ಮರುವರ್ಷ ನೆದರ್‌ಲೆಂಡ್ಸ್‌ನಲ್ಲಿ 22 ದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಪತ್ತೆಯಾಯಿತು. 2024ರಲ್ಲಿ ಬಂದ ಇನ್ನೊಂದು ಇಟಲಿಯ ಅಧ್ಯಯನ ಇವೆರಡಕ್ಕಿಂತ ಕಳವಳಕಾರಿ. ಕತ್ತಿನ ರಕ್ತನಾಳದಲ್ಲಿ ಕಟ್ಟಿದ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ 257 ರೋಗಿಗಳಲ್ಲಿ 150 ಮಂದಿಯ ಕೊಬ್ಬಿನಲ್ಲಿ ಪಾಲಿಎಥಿಲೀನ್ (ಪ್ಲಾಸ್ಟಿಕ್ ಚೀಲಗಳಿಗೆ ಬಳಸುವ ಪ್ಲಾಸ್ಟಿಕ್) ಇತ್ತು. ಮುಂದಿನ ಸುಮಾರು 34 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಪ್ಲಾಸ್ಟಿಕ್ ಕಂಡವರಲ್ಲಿ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು. ಪ್ಲಾಸ್ಟಿಕ್ಕೇ ಇದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂದು ಆ ಸಂಶೋಧಕರೇ ಹೇಳಿದ್ದಾರೆ.

ಹಾಗಿದ್ದರೂ ಪರೀಕ್ಷೆ ಏಕೆ ಬೇಡ? ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು. ಟೈಟ್ರೇಶನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಪ್ರಮಾಣ ಅಳೆಯುವ ಪ್ರಯೋಗ, ಮಾಡುವಾಗ ಮಾದರಿಯನ್ನೇ ಹಾಕದೆ ಉಳಿದೆಲ್ಲವನ್ನೂ ಹಾಗೆಯೇ ಮಾಡಿ, ಬಂದ ಅಂಕಿಯನ್ನು ಕಳೆಯಬೇಕೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಅದೇ ಬ್ಲ್ಯಾಂಕ್. ಈ ಸಂಶೋಧನೆಯಲ್ಲಿ ಅದರ ಮಹತ್ವ ಬೇರೆಲ್ಲಕ್ಕಿಂತ ಹೆಚ್ಚು. ಏಕೆಂದರೆ ಹುಡುಕುವ ವಸ್ತುವೇ ಪ್ರಯೋಗಾಲಯದ ಗಾಳಿಯಲ್ಲಿ, ಸಿರಿಂಜಿನಲ್ಲಿ, ರಕ್ತ ತುಂಬುವ ಟ್ಯೂಬಿನಲ್ಲಿ, ಪರೀಕ್ಷೆ ಮಾಡುವವರು ತೊಟ್ಟ ಪಾಲಿಯೆಸ್ಟರ್ ಬಟ್ಟೆಯ ಎಳೆಯಲ್ಲಿ ಇರುತ್ತದೆ. ಆದ್ದರಿಂದಲೇ ಎಚ್ಚರಿಕೆಯ ಸಂಶೋಧಕರು ಗಾಜಿನ ಪಾತ್ರೆ, ಹತ್ತಿಯ ಕೋಟು ಬಳಸುತ್ತಾರೆ. ಕೈಗವಸಿನ ವಿಷಯವನ್ನು ಓದಿದಾಗಲಂತೂ ನಾನು ಬೆರಗಾದೆ. ಅದರಿಂದ ಬಿಡುಗಡೆಯಾಗುವ ಸ್ಟಿಯರೇಟ್ ಎಂಬ ಸಾಬೂನಿನಂಥ ಪದಾರ್ಥವನ್ನು ಉಪಕರಣ ಪಾಲಿಎಥಿಲೀನ್ ಎಂದು ತಪ್ಪಾಗಿ ಗುರುತಿಸಬಲ್ಲದೆಂದು 2020ರಲ್ಲೇ ತೋರಿಸಿದ್ದಾರೆ.

ಪತ್ತೆ ಮಾಡುವ ವಿಧಾನಗಳಿಗೂ ಮಿತಿಗಳಿವೆ. ಅಂಗಾಂಶವನ್ನು ಕ್ಷಾರದಲ್ಲಿ ಕರಗಿಸಿ, ಸೋಸಿ, ಉಳಿದ ಕಣದ ಮೇಲೆ ಲೇಸರ್ ಬಿಟ್ಟು ಚದುರಿದ ಬೆಳಕನ್ನು ಓದುವ ರಾಮನ್ ವಿಧಾನ ಒಂದು. ನಮ್ಮ ಸಿ. ವಿ. ರಾಮನ್ 1928ರಲ್ಲಿ ಕಂಡ ಪರಿಣಾಮ ಇಂದು ತಾಯಿಯ ಮಾಸನ್ನು ಶೋಧಿಸಲು ಬಳಕೆಯಾಗುತ್ತಿದೆ. ಕಣ ಸುಮಾರು ಮಿಲಿಮೀಟರಿನ ಸಾವಿರದ ಒಂದು ಭಾಗ, ಅಂದರೆ ಒಂದು ಮೈಕ್ರಾನ್‌ಗಿಂತ ಚಿಕ್ಕದಾದರೆ ಈ ವಿಧಾನಕ್ಕೆ ಹಿಡಿಯುವುದು ಕಷ್ಟ. ಇನ್ನೊಂದು ವಿಧಾನದಲ್ಲಿ ಮಾದರಿಯನ್ನು ನೂರಾರು ಡಿಗ್ರಿ ಶಾಖದಲ್ಲಿ ಒಡೆದು, ಹೊರಬಂದ ಅಣುಗಳಿಂದ ಪ್ಲಾಸ್ಟಿಕ್ಕಿನ ತೂಕವನ್ನು ಅಂದಾಜಿಸುತ್ತಾರೆ. ಆದರೆ ದೇಹದ ಕೊಬ್ಬನ್ನು ಹೀಗೆ ಒಡೆದಾಗಲೂ ಪಾಲಿಎಥಿಲೀನ್‌ನಿಂದ ಬರುವಂಥ ಅಣುಗಳೇ ಬರುತ್ತವೆ. 2025ರ ಫೆಬ್ರವರಿಯಲ್ಲಿ ಮಿದುಳಿನಲ್ಲಿ ಪ್ಲಾಸ್ಟಿಕ್ ಹೆಚ್ಚುತ್ತಿದೆಯೆಂದು ಬಂದ ಸುದ್ದಿಗೆ ಇತರ ವಿಜ್ಞಾನಿಗಳು ಎತ್ತಿದ ಆಕ್ಷೇಪವೂ ಇದೇ, ಏಕೆಂದರೆ ಮಿದುಳಿನ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇದೆ.

ಪರಿಣತರ ಸ್ಥಿತಿಯೇ ಹೀಗಿರುವಾಗ, ಅಂಚೆಯಲ್ಲಿ ಹೋದ ನಾಲ್ಕು ಹನಿಯಿಂದ ಬರುವ ಅಂಕಿಯನ್ನು ಗರ್ಭಿಣಿಯ ಕೈಗೆ ಕೊಡುವುದು ಅನ್ಯಾಯ. ಎಷ್ಟಿದ್ದರೆ ಸುರಕ್ಷಿತ, ಎಷ್ಟಿದ್ದರೆ ಅಪಾಯ ಎಂಬ ಮಿತಿಯನ್ನು ವೈದ್ಯಶಾಸ್ತ್ರ ಇನ್ನೂ ನಿಗದಿಪಡಿಸಿಲ್ಲ. ಸಕ್ಕರೆ ಹೆಚ್ಚಾದರೆ ಮಾತ್ರೆಯುಂಟು. ಈ ಅಂಕಿ ಹೆಚ್ಚೆಂದು ಬಂದರೆ ಯಾವ ವೈದ್ಯರೂ ಕೊಡಬಹುದಾದ ಮದ್ದಿಲ್ಲ. ಉಳಿಯುವುದು ನಿದ್ದೆಗೆಟ್ಟ ರಾತ್ರಿಗಳು ಮಾತ್ರ.

ಇಷ್ಟಾದರೂ ಸುಮ್ಮನೆ ಕುಳಿತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ರಕ್ತದಲ್ಲಿ ಎಷ್ಟಿದೆ ಎಂಬುದು ಅಸ್ಪಷ್ಟವಾಗಿರಬಹುದು, ಲೋಟದಿಂದ ಎಷ್ಟು ಬರುತ್ತದೆ ಎಂಬುದು ಅಷ್ಟು ಅಸ್ಪಷ್ಟವಲ್ಲ. ಒಳಗೆ ಪ್ಲಾಸ್ಟಿಕ್ ಪದರವಿರುವ ಪೇಪರ್ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಕಣಗಳು ಸೇರುತ್ತವೆಂದು ಐಐಟಿ ಖರಗ್‌ಪುರದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ನಮ್ಮೂರಿನ ಚಹಾ ಅಂಗಡಿಗಳಲ್ಲಿ ಗಾಜಿನ ಲೋಟ ಮೂಲೆ ಸೇರಿ, ಬೆಣ್ಣೆದೋಸೆಯ ಬಿಸಿ ಚಟ್ನಿ, ಪಲ್ಯಗಳೂ ತೆಳು ಕವರಿನಲ್ಲಿ ಮನೆಗೆ ಬರುತ್ತಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ಕರ್ನಾಟಕ ಸರ್ಕಾರ 2025ರಲ್ಲಿ ನಿಷೇಧಿಸಿದ್ದು ಸರಿಯಾದ ಕ್ರಮವೆಂದೇ ನನ್ನ ನಂಬಿಕೆ.

ಇನ್ನೊಂದು ಆಸೆಯೂ ಇದೆ. ದಾವಣಗೆರೆಯಲ್ಲಿ ವಿಶ್ವವಿದ್ಯಾನಿಲಯವಿದೆ, ವೈದ್ಯಕೀಯ ಕಾಲೇಜುಗಳಿವೆ. ವೈದ್ಯರೂ ರಸಾಯನಶಾಸ್ತ್ರಜ್ಞರೂ ಕೂಡಿ, ನಾವು ಕುಡಿಯುವ ನಲ್ಲಿ ನೀರು ಮತ್ತು ಕ್ಯಾನ್ ನೀರಿನಿಂದ ಆರಂಭಿಸಿ, ಬ್ಲ್ಯಾಂಕಿನ ಅಂಕಿಯನ್ನೂ ಪಕ್ಕದಲ್ಲೇ ಅಚ್ಚುಹಾಕಿ ಒಂದು ವರದಿ ಕೊಡಲಿ. ಅಳಿಯನಿಗೆ ಜಾಹೀರಾತಿನ ಕಂಪನಿಗೆ ಬರೆದು, ಬ್ಲ್ಯಾಂಕಿನಲ್ಲಿ ಎಷ್ಟು ಬಂತೆಂದು ಕೇಳಲು ಹೇಳಿದ್ದೆ. ಐದು ದಿನವಾಯಿತು, ಉತ್ತರ ಬಂದಿಲ್ಲ.